ಐದು ವರ್ಷಕ್ಕೆ ಎರಡು ಮಧ್ಯಾಹ್ನ

ಪ್ರಶ್ನೆಯಕ್ಕ ಬಂದಳೆಂದರೆ ಬೀದಿಯಲ್ಲಿ ಅರ್ಧ ಜನ ಬಾಗಿಲು ತೆರೆದು ಕುರ್ಚಿ ಒರೆಸುತ್ತಿದ್ದರು. ಉಳಿದರ್ಧ ಜನ ಒಳಗಿನಿಂದಲೇ ಮನೆಯಲ್ಲಿಲ್ಲ ಎಂದು ಹೇಳಿಸುತ್ತಿದ್ದರು. ಹಾಗೆ ಹೇಳಿಸಿದವರ ಮನೆಗೆ ಆಕೆ ಮೂರು ದಿನ ಬಿಟ್ಟು ಮತ್ತೆ ಹೋಗುತ್ತಿದ್ದಳು, ಅದಾದ ಮೇಲೆ ಇನ್ನೊಮ್ಮೆ. ನಾಲ್ಕನೆಯ ಸಲಕ್ಕೆ ಅವರೇ ಸೋತು, ಬಾರಮ್ಮ, ನಿನ್ನ ಕಾಟ ಒಂದು ಮುಗಿಯಲಿ ಎಂದು ಕೂರಿಸಿಕೊಳ್ಳುತ್ತಿದ್ದರು. ಹೆಗಲಿಗೆ ಕಂದು ಬಣ್ಣದ ಚೀಲ, ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆಗಳು. ಇಪ್ಪತ್ತೇಳು ವರ್ಷ ಆಕೆ ಮಾಡಿದ ಕೆಲಸ ಇದೊಂದೇ.

ಆ ಕೆಲಸ ಹುಟ್ಟಿದ್ದು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದ ದೊಡ್ಡಮೇಡಂ ತಲೆಯಲ್ಲಿ. ಮನುಷ್ಯನ ಸ್ವಭಾವ ವಯಸ್ಸಿನ ಜೊತೆ ಬದಲಾಗುತ್ತದೆಯೋ, ಇಲ್ಲ ಹುಟ್ಟಿದಾಗ ಬಂದದ್ದು ಹೋಗುವ ತನಕ ಹಾಗೇ ಇರುತ್ತದೆಯೋ ಎಂಬುದು ಅವರ ಪ್ರಶ್ನೆ. ಒಂದು ಸಲ ಕೇಳಿ ಬಿಟ್ಟರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅದೇ ಜನರನ್ನು ಮತ್ತೆ ಮತ್ತೆ ಕೇಳಬೇಕು. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ನಾನೂರ ಇಪ್ಪತ್ತು ಜನರನ್ನು ಆರಿಸಿದರು. ಐದೈದು ವರ್ಷಕ್ಕೊಮ್ಮೆ ಅವರ ಮನೆಬಾಗಿಲಿಗೆ ಹೋಗಲು ಆರು ಜನರನ್ನು ಕೆಲಸಕ್ಕೆ ತೆಗೆದುಕೊಂಡರು. ನಡುವಿನ ವರ್ಷಗಳಲ್ಲಿ ಆ ಆರು ಜನ ಕಚೇರಿಯಲ್ಲಿ ಕೂತು ಹಾಳೆ ಜೋಡಿಸಬೇಕು, ಮನೆ ಬದಲಿಸಿದವರ ಹೊಸ ವಿಳಾಸ ಹುಡುಕಬೇಕು. ತಲೆಗೆ ಎಪ್ಪತ್ತು ಜನ. ಆ ಆರರಲ್ಲಿ ಒಬ್ಬಳು ಪ್ರಶ್ನೆಯಕ್ಕ. ಆಗ ಆಕೆಗೆ ಮೂವತ್ತೊಂದು.

ಕೇಳಲು ಸುಲಭ, ಮಾಡಲು ಕಷ್ಟ. ಅರವತ್ತು ವಾಕ್ಯಗಳ ಒಂದು ಪಟ್ಟಿ. 'ಹೊಸಬರ ಜೊತೆ ಮಾತಿಗಿಳಿಯುವುದು ನನಗೆ ಸುಲಭ' ಎಂಬುದು ಮೊದಲನೆಯದು. ಇಂಥ ಒಂದೊಂದನ್ನೂ ಅಚ್ಚಾದಂತೆಯೇ ಓದಬೇಕು. ಕೇಳಿದವರು ಐದರಲ್ಲೊಂದು ಉತ್ತರ ಆರಿಸಿಕೊಳ್ಳಬೇಕು: ಖಂಡಿತ ಹೌದು, ಹೌದು, ಎರಡೂ ಅಲ್ಲ, ಅಲ್ಲ, ಖಂಡಿತ ಅಲ್ಲ. ಹಾಗಂದರೇನು ಎಂದು ಯಾರಾದರೂ ಕೇಳಿದರೆ, ನಿಮಗೆ ಹೇಗೆ ಅರ್ಥವಾಗುತ್ತೋ ಹಾಗೆ ಎನ್ನಬೇಕು, ಒಂದಕ್ಷರ ಹೆಚ್ಚಿಲ್ಲ. ತಲೆ ಆಡಿಸಬಾರದು, ಹುಬ್ಬು ಏರಿಸಬಾರದು. ನೀರು ಬಿಟ್ಟು ಬೇರೇನೂ ಮುಟ್ಟಬಾರದು. ತನ್ನ ಮನೆ ಎಲ್ಲಿ, ಮನೆಯಲ್ಲಿ ಎಷ್ಟು ಜನ ಎಂಬುದರ ಬಗ್ಗೆ ಬಾಯಿ ಬಿಡಬಾರದು. ಕೇಳುವವಳು ನಕ್ಕರೆ ಕೇಳಿಸಿಕೊಂಡವನು ಅವಳನ್ನು ಇನ್ನಷ್ಟು ನಗಿಸಲು ನೋಡುತ್ತಾನೆ, ಆಮೇಲೆ ಹಾಳೆಯ ಮೇಲೆ ಬರುವುದು ಅವನ ಸ್ವಭಾವವಲ್ಲ, ನಿಮ್ಮ ನಗು, ಎಂದು ದೊಡ್ಡಮೇಡಂ ಹೇಳಿದ್ದರು. ಎದುರಿಗೆ ಕನ್ನಡಿ ಇಟ್ಟು ಒಂದು ತಿಂಗಳು ಆ ಆರು ಜನರ ಮುಖ ತಿದ್ದಿದ್ದರು.

ಪ್ರಶ್ನೆಯಕ್ಕ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ ಮುಖ ಮನೆಗೆ ಬಂದ ಮೇಲೂ ಹಾಗೇ ಇರತೊಡಗಿತು. ಅವಳು ಇದ್ದದ್ದು ಚಿಕ್ಕಮ್ಮನ ಜೊತೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ತಾಯಿ ಹೋದ ಮೇಲೆ ಅಣ್ಣ ಅತ್ತಿಗೆ ಬೇರೆ ಊರಿಗೆ ಹೋದರು, ಇವಳು ಚಿಕ್ಕಮ್ಮನ ಪಾಲಿಗೆ ಬಂದಳು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಎರಡನೆಯ ಸಲ ಬಂದವರು, ಹುಡುಗಿಗೆ ಇಷ್ಟ ಇದೆಯೋ ಇಲ್ಲವೋ ಮುಖ ನೋಡಿದರೆ ತಿಳಿಯುವುದಿಲ್ಲವಲ್ಲ ಎಂದು ಹೇಳಿ ಕಳಿಸಿದರು. ಚಿಕ್ಕಮ್ಮನಿಗೆ ಸಿಟ್ಟಿಗಿಂತ ನಗು ಹೆಚ್ಚು ಬಂತು. "ನಿನ್ನದು ಮುಖ ಅಲ್ಲ ಕಣೇ, ಬ್ಯಾಂಕಿನ ಕಿಟಕಿ. ಆ ಕಡೆ ಯಾರಿದ್ದಾರೆ ಅಂತಾನೇ ಕಾಣಲ್ಲ," ಎಂದಳು.

ಪಟ್ಟಿಯಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಇನ್ನೂರ ಹದಿನೇಳು ಎಂಬ ನಂಬರಿನವರದು ಹಳೇ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿ ಅಂಗಡಿ. ಅಂಗಡಿ ಎಂದರೆ ಎರಡಾಳಗಲ, ನಾಲ್ಕಾಳುದ್ದ. ಗೋಡೆ ತುಂಬ ಮೊಳೆಗಳಿಗೆ ತೂಗುಹಾಕಿದ ತಟ್ಟೆಗಳು, ಸರಪಳಿಗಳು, ಮುಳ್ಳು ಬಿಚ್ಚಿದ ಕಾಟಾಗಳು. ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು, ಹೆಬ್ಬೆರಳಿನಷ್ಟು ದೊಡ್ಡದರಿಂದ ಹಿಡಿದು ಕಡಲೆಕಾಳಿನಷ್ಟು ಸಣ್ಣದರವರೆಗೆ. ಅವನ್ನು ತಕ್ಕಡಿಯವರು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಚಿಮಟದಲ್ಲಿ ಎತ್ತುತ್ತಿದ್ದರು. ಕೈಬೆವರು ತಾಗಿದರೂ ತೂಕ ತಪ್ಪುತ್ತದಂತೆ. ಆಗ ಅವರಿಗೆ ಮೂವತ್ತೈದು. ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿ ಮತ್ತು ತಂಗಿ. ಅವರಿಗೆ ಮದುವೆಯಾಗಿರಲಿಲ್ಲ. ಏಕೆ ಎಂಬುದು ಆ ಅರವತ್ತರಲ್ಲಿ ಇರಲಿಲ್ಲ.

ಮೊದಲ ದಿನವೇ ಅವರು ಇಪ್ಪತ್ತನೆಯ ವಾಕ್ಯಕ್ಕೆ ತಡೆದರು. ಈ ಮಾತನ್ನು ಆಗಲೇ ಒಂದು ಸಲ ಕೇಳಿದಿರಲ್ಲ, ತಿರುಗಿಸಿ ಕೇಳುತ್ತಿದ್ದೀರಿ ಎಂದರು. ನಿಜವೇ. ಎಲ್ಲದಕ್ಕೂ ಹೂಂ ಹೂಂ ಎನ್ನುವವರನ್ನು ಹಿಡಿಯಲು ಒಂದೇ ವಿಷಯವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಕೇಳುವುದಿತ್ತು. ಎಪ್ಪತ್ತು ಜನರಲ್ಲಿ ಅದನ್ನು ಪತ್ತೆ ಹಚ್ಚಿದ್ದು ಅವರೊಬ್ಬರೇ. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದರು:

"ನಾನೂ ಇದೇ ಕೆಲಸದವನೇ ಮೇಡಂ. ತಕ್ಕಡಿ ಬಂದರೆ ಒಂದೇ ಬಟ್ಟು ಹತ್ತು ಸಲ ಇಟ್ಟು ನೋಡ್ತೀನಿ. ಹತ್ತು ಸಲಾನೂ ಒಂದೇ ತೋರಿಸಿದರೆ ನಿಯತ್ತಿನ ತಕ್ಕಡಿ. ಆದರೆ ನಿಯತ್ತಾಗಿ ಹತ್ತು ಸಲಾನೂ ತಪ್ಪೇ ತೋರಿಸೋವೂ ಇರ್ತವೆ. ಅದನ್ನು ಹಿಡಿಯೋಕೆ ಸರಿಯಾದ ಬಟ್ಟು ಒಂದಿರಬೇಕು. ನಿಮ್ಮ ಹತ್ರ ಆ ಬಟ್ಟು ಯಾವುದು?"

ಪ್ರಶ್ನೆಯಕ್ಕ ನಿಯಮದಂತೆ, ಮುಂದಿನ ವಾಕ್ಯ ಓದಲೇ ಎಂದಷ್ಟೇ ಕೇಳಿದಳು. ಮಾರನೆಯ ದಿನ ಕಚೇರಿಯಲ್ಲಿ ಅದನ್ನು ಹೇಳಿದಾಗ ದೊಡ್ಡಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ಅದಕ್ಕೇ ಅಲ್ಲವೇ ಎರಡನೆಯ ಹಾಳೆ ಇರುವುದು ಎಂದರು. ಪ್ರತಿಯೊಬ್ಬರೂ ತಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರ ಹೆಸರು ಕೊಡಬೇಕು, ಆ ಬಲ್ಲವರು ಅದೇ ಅರವತ್ತು ವಾಕ್ಯಗಳಿಗೆ ಇವರ ಬಗ್ಗೆ ಉತ್ತರಿಸಬೇಕು. "ಅದೇ ನಮ್ಮ ಬಟ್ಟು. ಅದೂ ಸ್ವಲ್ಪ ಸವೆದಿರುತ್ತೆ. ಇದ್ದದ್ದರಲ್ಲೇ ತೂಗಬೇಕು."

ತಕ್ಕಡಿಯವರು ತಾಯಿಯ ಹೆಸರು ಕೊಟ್ಟಿದ್ದರು. ಮುದುಕಿಗೆ ಕಿವಿ ಮಂದ. ಬಲ್ಲವರ ಉತ್ತರ ಗುಟ್ಟಾಗಿರಬೇಕು ಎಂಬುದು ನಿಯಮ, ಆದರೆ ಪ್ರಶ್ನೆಯಕ್ಕ ಕೂಗಿ ಓದದಿದ್ದರೆ ಆಕೆಗೆ ಕೇಳದು, ಆಕೆಯ ಉತ್ತರವೋ ಓಣಿಯ ಆ ತುದಿಗೂ ಕೇಳುವಂಥದು. ಇವರಿಗೆ ಸಿಟ್ಟು ಬರುವುದು ಅಪರೂಪ ಎಂದು ಓದಿದಾಗ, "ಯಾರಿಗೆ, ಇವನಿಗಾ? ನಮ್ಮಪ್ಪನ ಸಿಟ್ಟೆಲ್ಲ ಇಳಿದಿರೋದು ಇವನ ತಲೆಗೇ," ಎಂದು ತಾಯಿ ಸಾರಿಬಿಟ್ಟಳು. ಅಂಗಡಿಯಿಂದ, "ಅಮ್ಮಾ, ಮೆತ್ತಗೆ," ಎಂದು ಮಗನ ದನಿ ಬಂತು. ಪಕ್ಕದ ಇಸ್ತ್ರಿ ಅಂಗಡಿಯವನು ನಕ್ಕದ್ದೂ ಕೇಳಿತು. ಇದೇ ವಾಕ್ಯಕ್ಕೆ ಅರ್ಧ ಗಂಟೆ ಮುಂಚೆ ಮಗ 'ಖಂಡಿತ ಹೌದು' ಎಂದಿದ್ದರು. ಪ್ರಶ್ನೆಯಕ್ಕ ತಲೆ ಎತ್ತದೆ ಗುರುತು ಹಾಕಿಕೊಂಡಳು, ಆದರೆ ಓಣಿ ದಾಟುವಷ್ಟರಲ್ಲಿ ನಗು ತಡೆಯಲಾಗದೆ ಒಂದು ಕಂಬಕ್ಕೆ ಒರಗಿ ನಿಂತಳು.

ಹತ್ತು ಜನರಲ್ಲಿ ಒಬ್ಬರನ್ನು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳುವ ಪದ್ಧತಿಯೂ ಇತ್ತು. ಎರಡು ವಾರದಲ್ಲಿ ಸ್ವಭಾವ ಬದಲಾಗುವುದಿಲ್ಲ. ಉತ್ತರ ಬದಲಾದರೆ ತಪ್ಪು ಪ್ರಶ್ನೆಯದು. ಚೀಟಿಯಲ್ಲಿ ಇನ್ನೂರ ಹದಿನೇಳು ಬಂದಿತ್ತು. ಒಮ್ಮೆ ಬಂದ ನಂಬರು ಕೊನೆಯವರೆಗೂ ಅದೇ. ಹಾಗಾಗಿ ತಕ್ಕಡಿಯವರನ್ನು ಆಕೆ ಐದು ವರ್ಷಕ್ಕೆ ಎರಡು ಮಧ್ಯಾಹ್ನ ನೋಡುವಂತಾಯಿತು.

ಮೊದಲ ಐದು ವರ್ಷ ಏನೂ ಅನ್ನಿಸಲಿಲ್ಲ. ಎರಡನೆಯ ಸುತ್ತಿಗೆ ಹೋದಾಗ ಅವರು, "ಬನ್ನಿ. ಇಪ್ಪತ್ತನೆಯದು ಇನ್ನೂ ತಲೆಕೆಳಗಾಗೇ ಇದೆಯಾ?" ಎಂದರು. ಐದು ವರ್ಷದ ಹಿಂದಿನ ಮಾತನ್ನು ಮೊನ್ನೆಯದೆಂಬಂತೆ ಎತ್ತಿಕೊಂಡ ಆ ರೀತಿ ಆಕೆಯ ಎದೆಗೆ ಹೋಗಿ ನಾಟಿತು. ಆ ದಿನ ಓದುವಾಗ ಎರಡು ಕಡೆ ನಾಲಿಗೆ ತೊದಲಿತು. ಮೂರನೆಯ ಸುತ್ತು ಹತ್ತಿರ ಬಂದಾಗ ತಾನು ದಿನ ಎಣಿಸುತ್ತಿದ್ದೇನೆ ಎಂಬುದು ಆಕೆಗೇ ತಿಳಿಯಿತು. ಎಪ್ಪತ್ತು ಜನರಲ್ಲಿ ಅವರನ್ನು ಕೊನೆಗೆ ಇಟ್ಟುಕೊಂಡಳು, ಮುಂದೆ ಕಾಯಲು ಒಂದು ಇರಲಿ ಎಂದು. ಆ ದಿನ ಇಸ್ತ್ರಿ ಮಾಡಿಸಿದ ಬಟ್ಟೆ ಉಟ್ಟಳು. "ಸರಕಾರದ ಕೆಲಸಕ್ಕೆ ಇಷ್ಟು ಸಿಂಗಾರವಾ?" ಎಂದಳು ಚಿಕ್ಕಮ್ಮ. ಪ್ರಶ್ನೆಯಕ್ಕ ಮುಖವನ್ನು ಕಿಟಕಿ ಮಾಡಿಕೊಂಡು ಹೊರಟಳು.

ಆ ಹೊತ್ತಿಗೆ ತಕ್ಕಡಿಯವರ ತಾಯಿ ತೀರಿಕೊಂಡಿದ್ದಳು. ಬಲ್ಲವರ ಜಾಗಕ್ಕೆ ತಂಗಿಯ ಹೆಸರು ಬಂತು. ನಾಲ್ಕನೆಯ ಸುತ್ತಿಗೆ ತಂಗಿ ಮದುವೆಯಾಗಿ ದೂರ ಹೋಗಿದ್ದಳು, ಪಕ್ಕದ ಇಸ್ತ್ರಿಯವನ ಹೆಸರು ಬಂತು. ಇವರ ಕಿವಿಯ ಪಕ್ಕ ನರೆ ಬಂತು, ಕನ್ನಡಕ ಬಂತು, ಅಂಗಡಿಗೆ ಬರುವ ತಕ್ಕಡಿಗಳು ಕಡಿಮೆಯಾದವು. ಎಲ್ಲ ಕಡೆ ಕರೆಂಟಿನ ತಕ್ಕಡಿ ಬಂದು ಮುಳ್ಳು ನೋಡುವವರೇ ಇಲ್ಲದಂತಾಗಿತ್ತು. ಪ್ರಶ್ನೆಯಕ್ಕ ಇದನ್ನೆಲ್ಲ ಓದುವ ಹಾಳೆಯ ಅಂಚಿನಿಂದ ನೋಡಿದಳು. ತಾಯಿ ಹೋದದ್ದಕ್ಕೆ ಒಂದು ಸಮಾಧಾನದ ಮಾತು ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅದು ಹಾಳೆಯಲ್ಲಿರಲಿಲ್ಲ. 'ಮುಂದಿನದು, ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುತ್ತೇನೆ' ಎಂದು ಓದಿದಳು.

ನಡುವೆ ಒಂದು ಸಲ ಆಸ್ಪತ್ರೆಯ ಔಷಧಿ ಕಿಟಕಿಯ ಸಾಲಿನಲ್ಲಿ ಅವರು ಎದುರಾದರು. ಇವಳ ಕೈಯಲ್ಲಿ ಚಿಕ್ಕಮ್ಮನ ಮಂಡಿನೋವಿನ ಚೀಟಿ. ಅವರು ಗುರುತು ಹಿಡಿದು, ಚೀಲವಿಲ್ಲದ ಹೆಗಲನ್ನು ನೋಡಿ, ಹೇಗಿದ್ದೀರಿ ಎಂದು ಕೇಳಿದರು. ಬೀದಿಯಲ್ಲಿ ಸಿಕ್ಕರೆ ಗುರುತು ತೋರಿಸಬಾರದು ಎಂಬುದೂ ಬರೆದಿಟ್ಟ ನಿಯಮ. ಪ್ರಶ್ನೆಯಕ್ಕ ಯಾರನ್ನೋ ನೋಡುವಂತೆ ಅವರನ್ನು ನೋಡಿ ಮುಖ ತಿರುಗಿಸಿದಳು. ಅವರು ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆ ಒಂದು ಹೆಜ್ಜೆ ಆಕೆಯನ್ನು ವರ್ಷಗಟ್ಟಲೆ ತಿಂದಿತು.

ಐದನೆಯ ಸುತ್ತಿಗೆ ಆಕೆಗೆ ಐವತ್ತೊಂದು. ನಿಮ್ಮನ್ನು ಚೆನ್ನಾಗಿ ಬಲ್ಲವರು ಯಾರು ಎಂಬಲ್ಲಿಗೆ ಬಂದಾಗ ತಕ್ಕಡಿಯವರು ಪಕ್ಕದ ಮುಚ್ಚಿದ ಬಾಗಿಲ ಕಡೆ ನೋಡಿದರು. ಇಸ್ತ್ರಿಯವನು ಅಂಗಡಿ ಮುಚ್ಚಿ ಹೋಗಿದ್ದ. ತಂಗಿ ದೂರವಾಗಿ ಎಂಟು ವರ್ಷ. ಯಾರೂ ಇಲ್ಲ ಅಂತ ಬರಕೊಳ್ಳಿ ಎಂದರು. ಪ್ರಶ್ನೆಯಕ್ಕ ಬರೆದುಕೊಂಡಳು. ನಲವತ್ತೊಂದನೆಯ ವಾಕ್ಯ, 'ಯಾರಾದರೂ ಬರುತ್ತಾರೆಂದರೆ ನನ್ನ ಮನಸ್ಸು ಹಗುರವಾಗುತ್ತದೆ' ಎಂಬುದು. ಅದಕ್ಕೆ ಅವರು ಪ್ರತಿ ಸಲದಂತೆ 'ಖಂಡಿತ ಹೌದು' ಎಂದರು. ಮನೆಗೆ ಬಂದು ಆಕೆ ಲೆಕ್ಕ ಹಾಕಿದಳು. ಇಪ್ಪತ್ತು ವರ್ಷದಲ್ಲಿ ಹತ್ತು ಮಧ್ಯಾಹ್ನ, ಒಂದೊಂದಕ್ಕೆ ನಲವತ್ತು ನಿಮಿಷ. ಎಲ್ಲ ಕೂಡಿಸಿದರೆ ಏಳು ಗಂಟೆಯೂ ಆಗಲಿಲ್ಲ.

ಅಂಕಿಅಂಶದ ಕೆಲಸಕ್ಕೆಂದು ವಿಭಾಗದಲ್ಲಿ ಒಬ್ಬರಿದ್ದರು, ಎಲ್ಲರೂ ಲೆಕ್ಕದವರು ಎನ್ನುತ್ತಿದ್ದರು. ಐದು ಸುತ್ತಿನ ಹಾಳೆಗಳನ್ನು ಕೂಡಿಸಿ ಕಳೆದು ಅವರು ಒಂದು ದಿನ ಪ್ರಶ್ನೆಯಕ್ಕನ ಮೇಜಿನ ಹತ್ತಿರ ಬಂದರು. ಜನರನ್ನು ಹಂಚಿದ್ದು ಚೀಟಿ ಎತ್ತಿ, ಆದ್ದರಿಂದ ಆರೂ ಜನರ ಎಪ್ಪತ್ತೂ ಸುಮಾರಾಗಿ ಒಂದೇ ಥರ ಇರಬೇಕಿತ್ತು. ಆದರೆ ಪ್ರಶ್ನೆಯಕ್ಕನ ಎಪ್ಪತ್ತು ಜನ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಸ್ನೇಹದವರು, ಸ್ವಲ್ಪ ಕಡಿಮೆ ಸಿಟ್ಟಿನವರು ಎಂದು ಬರುತ್ತಿತ್ತು, ಪ್ರತಿ ಸುತ್ತಿನಲ್ಲೂ.

"ನಿಮ್ಮನ್ನು ನೋಡಿದರೆ ಜನ ಸ್ವಲ್ಪ ಒಳ್ಳೆಯವರಾಗ್ತಾರೆ ಅಕ್ಕ," ಎಂದರು ಲೆಕ್ಕದವರು. "ಹೊಗಳಿಕೆ ಅಂತ ತಗೋಬೇಡಿ. ನಮ್ಮ ಲೆಕ್ಕಕ್ಕೆ ಅದು ಕಸ."

ಇಷ್ಟು ವರ್ಷ ಕಲ್ಲಿನಂತೆ ಇಟ್ಟುಕೊಂಡ ಮುಖ ಯಾರಿಗೂ ಕಲ್ಲಾಗಿ ಕಂಡಿರಲಿಲ್ಲ. ಪ್ರಶ್ನೆಯಕ್ಕನಿಗೆ ನಾಚಿಕೆಯೂ ಆಯಿತು, ಒಳಗೆಲ್ಲೋ ಖುಷಿಯೂ ಆಯಿತು. ಆದರೆ ಕಸವನ್ನು ಗುಡಿಸಲೇಬೇಕಲ್ಲ. ಆರನೆಯ ಸುತ್ತಿಗೆ ಪ್ರತಿಯೊಬ್ಬರ ಪಟ್ಟಿಯ ಅರ್ಧದಷ್ಟನ್ನು ಚೀಟಿ ಎತ್ತಿ ಬೇರೆಯವರಿಗೆ ಕೊಡುವುದೆಂದು ತೀರ್ಮಾನವಾಯಿತು. ಕೇಳುವವರು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ಆಗ ತಿಳಿಯುತ್ತದೆ. ಕಂಪ್ಯೂಟರು ಪಟ್ಟಿ ಉಗುಳಿತು. ಲಕೋಟೆಗಳ ಮೇಲೆ ಚೀಟಿ ಅಂಟಿಸುವ ಕೆಲಸ ಪ್ರಶ್ನೆಯಕ್ಕನದೇ. ಇನ್ನೂರ ಹದಿನೇಳರ ಲಕೋಟೆಯನ್ನು ಆಕೆ ತನ್ನ ಕೈಯಾರೆ ಮೂರು ವರ್ಷದ ಹಿಂದೆ ಸೇರಿದ ಕಿರಿಯವಳ ಕಟ್ಟಿಗೆ ಸೇರಿಸಿದಳು. ಒಂದು ಲಕೋಟೆ ಅದಲುಬದಲು ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಯೋಚಿಸಿದಳು. ಎರಡು ದಿನ ಯೋಚಿಸಿದಳು. ಮುಂದಿನ ಸುತ್ತು ಬರುವಷ್ಟರಲ್ಲಿ ತನಗೆ ನಿವೃತ್ತಿ ಎಂಬುದೂ ಗೊತ್ತಿತ್ತು. ಮೂರನೆಯ ದಿನ ಕಿರಿಯವಳು ಬಂದು ಕಟ್ಟು ಎತ್ತಿಕೊಂಡು ಹೋದಳು.

ಸುತ್ತು ನಡೆಯುತ್ತಿದ್ದಾಗ ಒಂದು ದಿನ ಊಟದ ಹೊತ್ತಿನಲ್ಲಿ ಕಿರಿಯವಳು ಯಾರದೆಂದು ಹೇಳದೆ ಒಂದು ಸಂಗತಿ ಹೇಳಿದಳು. ಒಬ್ಬರು ಬಾಗಿಲು ತೆಗೆದು ತನ್ನನ್ನು ನೋಡಿ, ಆಮೇಲೆ ತನ್ನ ಹಿಂದೆ ನೋಡಿದರು, ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ. ಹದಿನಾಲ್ಕು ದಿನ ಬಿಟ್ಟು ಹೋದಾಗಲೂ ಹಾಗೇ ಮಾಡಿದರಂತೆ. ಪ್ರಶ್ನೆಯಕ್ಕ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು.

ಪ್ರತಿ ಹಾಳೆಯನ್ನೂ ಎರಡು ಸಲ, ಎರಡು ಬೇರೆ ಕೈಗಳು ಕಂಪ್ಯೂಟರಿಗೆ ಹಾಕಬೇಕು. ಎರಡೂ ಹೊಂದದಿದ್ದರೆ ಯಾರೋ ಒಬ್ಬರು ತಪ್ಪು ಒತ್ತಿದ್ದಾರೆ ಎಂದರ್ಥ. ಕಿರಿಯವಳ ಕಟ್ಟಿನ ಎರಡನೆಯ ಕೈ ಪ್ರಶ್ನೆಯಕ್ಕನದಾಯಿತು. ಹಾಗೆ ಇನ್ನೂರ ಹದಿನೇಳರ ಹಾಳೆ ಆಕೆಯ ಮುಂದೆ ಬಂತು. ಸಿಟ್ಟು ಬರುವುದು ಅಪರೂಪ ಎಂಬುದಕ್ಕೆ 'ಅಲ್ಲ'. ಹೊಸಬರ ಜೊತೆ ಮಾತಿಗಿಳಿಯುವುದು ಸುಲಭವೇ ಎಂದರೆ 'ಖಂಡಿತ ಅಲ್ಲ'. ನಲವತ್ತೊಂದಕ್ಕೆ, ಇಪ್ಪತ್ತು ವರ್ಷ 'ಖಂಡಿತ ಹೌದು' ಎಂದಿದ್ದ ನಲವತ್ತೊಂದಕ್ಕೆ, 'ಅಲ್ಲ'. ಕೀಲಿಗಳ ಮೇಲೆ ಆಕೆಯ ಬೆರಳು ನಿಂತವು. ಇಷ್ಟು ವರ್ಷ ತನ್ನ ಮುಂದೆ ಕೂತದ್ದು ಯಾರು? ತನಗೆ ಹೇಳಿದ್ದು ಸುಳ್ಳೋ, ಕಿರಿಯವಳಿಗೆ ಹೇಳಿದ್ದು ಸುಳ್ಳೋ, ಅಥವಾ ಎರಡೂ ನಿಜವೋ? ಕೊನೆಯ ಪುಟದಲ್ಲಿ ಬಲ್ಲವರ ಹೆಸರಿನ ಜಾಗದಲ್ಲಿ ಕಿರಿಯವಳ ದುಂಡು ಅಕ್ಷರದಲ್ಲಿ, ಅವರು ಹೇಳಿದಂತೆಯೇ ಬರೆದಿತ್ತು: 'ಇಷ್ಟು ವರ್ಷ ಪ್ರಶ್ನೆ ಕೇಳೋಕೆ ಬರ್ತಿದ್ದವರು.'

ಇದಕ್ಕೂ ನಿಯಮವಿತ್ತು. ಪ್ರಶ್ನೆ ಕೇಳುವವರು ಬಲ್ಲವರಾಗುವಂತಿಲ್ಲ, ಅಂಥ ಉತ್ತರಕ್ಕೆ ಒಂಬತ್ತು ಎಂದು ಹಾಕಬೇಕು. ಒಂಬತ್ತೆಂದರೆ ಲೆಕ್ಕಕ್ಕಿಲ್ಲ. ಮೊದಲ ಕೈಯಾದ ಕಿರಿಯವಳು ಒಂಬತ್ತು ಹಾಕಿದ್ದಳು. ಎರಡನೆಯ ಕೈಯೂ ಒಂಬತ್ತನ್ನೇ ಒತ್ತಿತು. ಎರಡೂ ಹೊಂದಿದವು. ಪ್ರಶ್ನೆಯಕ್ಕ ಎದ್ದು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ನಿವೃತ್ತಿಯ ದಿನ ಒಂದು ಹೂಗುಚ್ಛ, ಒಂದು ಗೋಡೆ ಗಡಿಯಾರ, ನಾಲ್ಕು ಒಳ್ಳೆಯ ಮಾತು. ಮನೆಯಲ್ಲಿ ಕೂತ ಮೇಲೆ ಆಕೆಗೆ ಏನು ಮಾಡಲೂ ಕೈ ಬರಲಿಲ್ಲ. ಒಂದು ದಿನ ಬಲ್ಲವರ ಖಾಲಿ ಹಾಳೆಯೊಂದನ್ನು ತಾನೇ ನೆನಪಿನಿಂದ ಬರೆದುಕೊಂಡು ತಕ್ಕಡಿಯವರ ಬಗ್ಗೆ ತುಂಬಲು ಕೂತಳು. ಇವರು ಜಾಗವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತಾರೆ: ಖಂಡಿತ ಹೌದು. ಇವರು ಬೇಜಾರಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳುತ್ತಾರೆ: ಗೊತ್ತಿಲ್ಲ. ಇವರಿಗೆ ಹಾಡು ಇಷ್ಟ: ಗೊತ್ತಿಲ್ಲ. ಅರವತ್ತರಲ್ಲಿ ಹನ್ನೊಂದಕ್ಕೆ ಮಾತ್ರ ಧೈರ್ಯವಾಗಿ ಉತ್ತರ ಬಂತು. ಆಕೆಗೆ ಗೊತ್ತಿದ್ದದ್ದು ಅವರ ಉತ್ತರಗಳು. ಅವರಲ್ಲ. ಹಾಳೆಯನ್ನು ಮಡಿಚಿ, ಹರಿದು, ಒಲೆಯ ಪಕ್ಕದ ಬುಟ್ಟಿಗೆ ಹಾಕಿದಳು. ಚಿಕ್ಕಮ್ಮ ಮಂಚದ ಮೇಲಿಂದ ನೋಡುತ್ತಿದ್ದಳು. ಅವಳಿಗೆ ಆಗ ಎಂಬತ್ತು ದಾಟಿತ್ತು, ಕಾಲು ನಡೆಯುತ್ತಿರಲಿಲ್ಲ, ಕಣ್ಣು ಮಾತ್ರ ಎಲ್ಲಾ ಕಡೆ ನಡೆಯುತ್ತಿತ್ತು.

"ಯಾರೇ ಅವನು?" ಎಂದಳು.

ಪ್ರಶ್ನೆಯಕ್ಕ ಹೇಳಿದಳು. ಮೊದಲಿನಿಂದ ಹೇಳಿದಳು. ಹೇಳಲು ಅಷ್ಟು ಕಡಿಮೆ ಇತ್ತಲ್ಲ ಎಂದು ಹೇಳುವಾಗಲೇ ಅಳು ಬಂತು. ಚಿಕ್ಕಮ್ಮ ಈ ಸಲ ತಮಾಷೆ ಮಾಡಲಿಲ್ಲ.

ಆದರೂ ನೇರವಾಗಿ ಹೋಗಲು ಆಕೆಯಿಂದಾಗಲಿಲ್ಲ. ಮೊದಲು ದೊಡ್ಡಮೇಡಂ ಮನೆಗೆ ಹೋದಳು. ಅವರೂ ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಆದರೆ ಅಧ್ಯಯನದ ಹಿಡಿತ ಬಿಟ್ಟಿರಲಿಲ್ಲ. ಪ್ರಶ್ನೆಯಕ್ಕ ನಂಬರು ಮಾತ್ರ ಹೇಳಿದಳು. ದೊಡ್ಡಮೇಡಂ ಕಪಾಟಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಒಬ್ಬೊಬ್ಬರಿಗೆ ಒಂದೊಂದು ಗೆರೆ, ಇಪ್ಪತ್ತೈದು ವರ್ಷದ ಏರಿಳಿತ. ಕೊನೆಯ ತುದಿಯಲ್ಲಿ ಇನ್ನೂರ ಹದಿನೇಳರ ಗೆರೆ ಜಾರಿ ಕೆಳಗೆ ಬಿದ್ದಿತ್ತು.

"ಮೊದಲು ಸೇರಿದವರಲ್ಲಿ ಈಗ ಉಳಿದಿರೋದು ಇನ್ನೂರ ಅರುವತ್ತು ಜನ," ಎಂದರು. "ಸತ್ತವರು, ಊರು ಬಿಟ್ಟವರು, ಬೇಡ ಅಂದವರು. ಒಂದೊಂದು ಗೆರೆ ನಿಂತಾಗಲೂ ನನಗೆ ಹೊಟ್ಟೆ ಉರಿಯುತ್ತೆ. ನೀನು ಅಲ್ಲಿಗೆ ಹೋಗಿ ಬರೋಕೆ ಶುರು ಮಾಡಿದರೆ ಇದನ್ನೂ ನಿಲ್ಲಿಸಬೇಕು. ಅವರ ಉತ್ತರದಲ್ಲಿ ನೀನು ಬಂದುಬಿಡ್ತೀಯ."

"ಆಗಲೇ ಬಂದುಬಿಟ್ಟಿದೀನಲ್ಲ ಮೇಡಂ," ಎಂದಳು ಪ್ರಶ್ನೆಯಕ್ಕ.

ದೊಡ್ಡಮೇಡಂ ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಆಮೇಲೆ ಪೆನ್ಸಿಲಿನಿಂದ ಆ ಗೆರೆಯ ತುದಿಗೆ ಒಂದು ಅಡ್ಡಗೀಟು ಎಳೆದರು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟರು. ಬಾಗಿಲವರೆಗೆ ಬಂದು, ಮಳೆ ಬರಬಹುದು, ಬೇಗ ಹೋಗು ಎಂದರು.

ಚಿಕ್ಕಮ್ಮನ ಅಡುಗೆಮನೆಯ ಹಳೇ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಆಕೆ ಒಂದು ಗುರುವಾರ ಓಣಿಗೆ ಹೋದಳು. ಅಂಗಡಿಯಲ್ಲಿ ಅರ್ಧ ಮೊಳೆಗಳು ಖಾಲಿ. ತಕ್ಕಡಿಯವರು ತಕ್ಕಡಿ ತೆಗೆದುಕೊಂಡು, ಬಂದವರು ಯಾರೆಂದು ನೋಡದೆ, ಒಂದು ಬಟ್ಟು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಮುಳ್ಳನ್ನು ನೋಡಲು ತಲೆಯನ್ನು ಬಹಳ ಹತ್ತಿರಕ್ಕೆ ತಂದುಕೊಂಡರು.

"ಇದಕ್ಕೇನೂ ಆಗಿಲ್ಲವಲ್ಲ," ಎಂದರು.

"ಗೊತ್ತು," ಎಂದಳು ಆಕೆ.

ದನಿ ಕೇಳಿ ಅವರು ತಲೆ ಎತ್ತಿದರು. ಕಣ್ಣಿಗೆ ಪೊರೆ ಬಂದಿತ್ತು, ಆದರೂ ನೋಡಿದರು. ಸ್ಟೂಲು ಎಳೆದು, ಕೈಯಿಂದಲೇ ಒರೆಸಿ ಮುಂದಿಟ್ಟರು. ಪ್ರಶ್ನೆಯಕ್ಕ ಕೂತಳು. ರಟ್ಟು ಇಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಹಾಳೆಯಲ್ಲಿಲ್ಲದ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೊನೆಗೆ ಅವರೇ ಶುರು ಮಾಡಿದರು. ಹನ್ನೆರಡು ಸಲ ಕೇಳಿಸಿಕೊಂಡು ಅರ್ಧಕ್ಕರ್ಧ ಬಾಯಿಪಾಠವಾಗಿತ್ತು.

"ಹೊಸಬರ ಜೊತೆ ಮಾತಿಗಿಳಿಯುವುದು ನನಗೆ ಸುಲಭ. ನೀವು ಹೇಳಿ."

"ಅಲ್ಲ."

"ಸಣ್ಣ ಮಾತಿಗೂ ನನ್ನ ಮನಸ್ಸು ದಿನವಿಡೀ ಕೊರಗುತ್ತದೆ."

"ಆಸ್ಪತ್ರೆಯ ಸಾಲಿನಲ್ಲಿ ನಿಮ್ಮನ್ನ ಗುರುತಿಲ್ಲದವಳ ಹಾಗೆ ನೋಡಿದೆ. ಹದಿನಾಲ್ಕು ವರ್ಷ ಆಯ್ತು. ಅದನ್ನ ದಿನವಿಡೀ ಅಂತ ಬರಕೊಳ್ಳೋಕಾಗುತ್ತಾ?"

ಅವರು ಚಿಮಟವನ್ನು ಪೆಟ್ಟಿಗೆಯಲ್ಲಿಟ್ಟರು. ನಾನು ಅವತ್ತು ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದೆ ಎಂದರು. ಆಮೇಲೆ, ನಿಮ್ಮ ಮುಂದೆ ಬಹಳ ಸುಳ್ಳು ಹೇಳಿದ್ದೇನೆ, ನಮ್ಮಮ್ಮ ಅವತ್ತು ಹೇಳಿದ್ದೇ ನಿಜ, ನನಗೆ ಕೆಟ್ಟ ಸಿಟ್ಟು ಎಂದರು. ನಲವತ್ತೊಂದನೆಯದೊಂದು ಸುಳ್ಳಲ್ಲ. ಆ ಹುಡುಗಿಗೆ ಹೇಳಿದ್ದೂ ಸುಳ್ಳಲ್ಲ. ಯಾರಾದರೂ ಅಂತ ಇತ್ತಲ್ಲ ಅದರಲ್ಲಿ, ನಾನು ಪ್ರತಿ ಸಲ ಅದನ್ನ ನೀವು ಅಂತ ಓದಿಕೊಳ್ತಿದ್ದೆ ಎಂದರು. ನಿಮಗೆ ಹೇಗೆ ಅರ್ಥವಾಗುತ್ತೋ ಹಾಗೆ ಎಂದು ತಾನೇ ನೀವು ಹೇಳುತ್ತಿದ್ದದ್ದು.

ಹತ್ತೊಂಬತ್ತು ಗುರುವಾರ ಹಾಗೆ ಸಿಕ್ಕವು. ಹಾಡು ಅವರಿಗೆ ಇಷ್ಟವಿತ್ತು, ಆದರೆ ಶ್ರುತಿ ಇಲ್ಲದೆ ಶಿಳ್ಳೆ ಹಾಕುತ್ತಿದ್ದರು. ಬಾಡಿಗೆ ಕೇಳಲು ಬಂದ ಮನೆ ಮಾಲೀಕನ ಮೇಲೆ ಒಂದು ದಿನ ಎಗರಾಡಿದರು, ಆಮೇಲೆ ಅರ್ಧ ಗಂಟೆ ಒಂದೇ ತಟ್ಟೆಯನ್ನು ಒರೆಸುತ್ತ ಕೂತರು. ಜಿಪುಣರು. ಚಹಾದ ಎಲೆಯನ್ನು ಎರಡು ಸಲ ಕುದಿಸುತ್ತಿದ್ದರು. ಪ್ರಶ್ನೆಯಕ್ಕ ಆ ಚಹಾವನ್ನು ಮನಸಾರೆ ಕುಡಿದಳು, ಇಪ್ಪತ್ತೇಳು ವರ್ಷ ಬರೀ ನೀರು ಕುಡಿದವಳು. ಒಂದು ದಿನ ಅವರು ಚಿಕ್ಕಮ್ಮನನ್ನು ನೋಡಲು ಬಂದರು. ಚಿಕ್ಕಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವನಿಗಾಗಿ ಇಷ್ಟು ಸಿಂಗಾರವಾ?" ಎಂದು ಅವರ ಎದುರಿಗೇ ಕೇಳಿದಳು. ಮೂವರೂ ನಕ್ಕರು. ಮುಂದೇನು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಆಕೆಗೆ ಎತ್ತಬೇಕೆನ್ನಿಸುತ್ತಿತ್ತು. ಮುಂದಿನ ಗುರುವಾರ ಎಂದುಕೊಳ್ಳುತ್ತಿದ್ದಳು.

ಇಪ್ಪತ್ತನೆಯ ಗುರುವಾರಕ್ಕೆ ಮುಂಚೆ ತಂಗಿಯೂ ಅವಳ ಗಂಡನೂ ಬಂದರು. ಕಣ್ಣಿನ ಆಪರೇಷನ್ ತಮ್ಮೂರಿನಲ್ಲೇ ಮಾಡಿಸುವುದೆಂದೂ, ಅಣ್ಣ ಇನ್ನು ಒಬ್ಬನೇ ಇರುವುದು ಬೇಡವೆಂದೂ ಅವರು ತೀರ್ಮಾನಿಸಿಯೇ ಬಂದಿದ್ದರು. ಅಂಗಡಿಯಲ್ಲಿ ಉಳಿಸಿಕೊಳ್ಳುವಂಥದೂ ಏನಿರಲಿಲ್ಲ. ತಕ್ಕಡಿಯವರು ಇಲ್ಲ ಎನ್ನಲಿಲ್ಲ. ಆಕೆಯ ಮುಖ ನೋಡಿದರು. ಆಕೆ ಚಿಕ್ಕಮ್ಮನನ್ನು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಬೇಡ, ಹೋಗಬೇಡಿ ಎಂಬ ಎರಡು ಮಾತು ಆಕೆಯ ಗಂಟಲವರೆಗೆ ಬಂದವು. ಆ ಹಳೇ ಮುಖ ತಾನಾಗಿಯೇ ಬಂದು ಕೂತುಬಿಟ್ಟಿತು. ಕಣ್ಣು ಮೊದಲು ಸ್ವಲ್ಪ ಸರಿಹೋಗಲಿ ಎಂದಳು.

ಈಗ ಆಕೆಗೆ ಅರವತ್ತಾರು. ಚಿಕ್ಕಮ್ಮನಿಗೆ ತೊಂಬತ್ತರ ಹತ್ತಿರ. ತಕ್ಕಡಿಯವರು ಫೋನಿನಲ್ಲಿ ಚೆನ್ನಾಗಿ ಮಾತಾಡುವವರಲ್ಲ, ಹೂಂ ಎನ್ನುತ್ತಾರೆ, ಊಟ ಆಯಿತೇ ಎನ್ನುತ್ತಾರೆ, ತಂಗಿಯ ಮನೆಯಲ್ಲಿ ಸುತ್ತ ಜನ. ಅತ್ತಿಗೆ ಬಂದು ಚಿಕ್ಕಮ್ಮನ ಹತ್ತಿರ ಇರಲು ಒಪ್ಪಿದಾಗ, ವರ್ಷಕ್ಕೆ ಎರಡು ಸಲವೋ ಮೂರು ಸಲವೋ, ಪ್ರಶ್ನೆಯಕ್ಕ ಬಸ್ಸು ಹತ್ತುತ್ತಾಳೆ. ಏಳು ಗಂಟೆ ದಾರಿ. ಅಲ್ಲಿ ಹೊರಗಿನ ಜಗಲಿಯಲ್ಲಿ ಇಬ್ಬರೂ ಕೂರುತ್ತಾರೆ. ತಂಗಿ ಒಳ್ಳೆಯವಳು, ಆದರೆ ಕ್ಷಣಕ್ಕೊಮ್ಮೆ ಬಂದು ಏನಾದರೂ ಬೇಕೇ ಎಂದು ಕೇಳುತ್ತಾಳೆ. ಆಕೆಗೆ ಬೇಕಾದದ್ದನ್ನು ಹಾಗೆ ಕೇಳಿದರೆ ಹೇಳಲು ಬರುವುದಿಲ್ಲ.

ಹೋದ ಸಲ ಅವರೇ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ. ಬಸ್ಸು ತುಂಬಿತ್ತು. ಆಕೆಗೆ ಸಿಕ್ಕಿದ್ದು ಆಚೆ ಬದಿಯ ಸೀಟು, ಅವರು ನಿಂತದ್ದು ಈಚೆ ಬದಿ. ಚೀಲವನ್ನು ಸೀಟಿನ ಮೇಲಿಟ್ಟು, ನಿಂತವರ ನಡುವೆ ನುಗ್ಗಿ, ಈಚೆಯ ಕಿಟಕಿಯ ಹತ್ತಿರ ಹೋಗಿ ಬಗ್ಗುವಷ್ಟರಲ್ಲಿ ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಕಿಟಕಿಯಲ್ಲಿ ಒಂದು ಗೋಡೆ ಬಂತು, ಆಮೇಲೆ ರಸ್ತೆ. ಕಂಡಕ್ಟರು, ಕೂತ್ಕೊಳ್ಳಿ ಅಮ್ಮಾ, ಬೀಳ್ತೀರಿ ಎಂದ. ಆಕೆ ಹೋಗಿ ಕೂತಳು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಊರಿನ ಕೊನೆಯ ಮನೆಗಳು ದಾಟುವ ತನಕ ಅವರು ನಿಂತಿದ್ದ ಬದಿಯ ಕಿಟಕಿಯ ಕಡೆಗೇ ತಿರುಗಿಕೊಂಡಿದ್ದಳು.